ಸರ್‌ನೇಮ್ ಇಲ್ಲದ ಲೇಖಕಿ

ನನ್ನ ಲೇಖನವನ್ನು ಪತ್ರಿಕೆಯವರು ಒಪ್ಪಿಕೊಂಡರು. ಅದರ ಕೊನೆಯಲ್ಲಿದ್ದ ಆಕರಪಟ್ಟಿಯನ್ನು ಮಾತ್ರ ಒಪ್ಪಲಿಲ್ಲ.

ದೊಡ್ಡಬಳ್ಳಾಪುರದ ಡಿಗ್ರಿ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ರಾಗಿ ಬೀಸುವಾಗ ಹೆಂಗಸರು ಹಾಡಿಕೊಳ್ಳುತ್ತಿದ್ದ ಪದಗಳಲ್ಲಿ ಅತ್ತೆಮನೆಯ ಮೇಲಿನ ಸಿಟ್ಟು ಹೇಗೆ ಹೊರಗೆ ಬರುತ್ತದೆ ಅನ್ನುವುದು ಲೇಖನದ ವಿಷಯ. ಬರೆದದ್ದು ಇಂಗ್ಲಿಷಿನಲ್ಲಿ. ಬಡ್ತಿಗೆ ಅಂಥದ್ದೊಂದು ಬೇಕಿತ್ತು, ಸಂದರ್ಶನಕ್ಕೆ ಮೊದಲೇ ಅಚ್ಚಾಗಬೇಕಿತ್ತು.

ಪತ್ರಿಕೆಯ ನಿಯಮ ಸರಳವಾಗಿತ್ತು. ಪ್ರತಿ ಲೇಖಕರ ಸರ್‌ನೇಮ್ ಮೊದಲು, ಆಮೇಲೆ ಕಾಮಾ, ಆಮೇಲೆ ಇನಿಷಿಯಲ್. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಅರ್ಥಶಾಸ್ತ್ರದ ಮೇಷ್ಟ್ರು ಇದಕ್ಕೆಂದೇ ಇರುವ ಸಾಫ್ಟ್‌ವೇರ್‌ಗೆ ನನ್ನ ಪಟ್ಟಿಯನ್ನು ಹಾಕಿದರು. ಹೊರಗೆ ಬಂದದ್ದನ್ನು ನೋಡಿ ನಾನು ನಕ್ಕುಬಿಟ್ಟೆ. ಹಿರಿಯ ವಿದ್ವಾಂಸರೊಬ್ಬರ ಊರೇ ಅವರ ಮನೆತನವಾಗಿತ್ತು. ಇನ್ನೊಬ್ಬರ ತಂದೆಯ ಹೆಸರು ಮುಂದಕ್ಕೆ ಬಂದು, ಪುಸ್ತಕ ಬರೆದದ್ದು ಅವರಪ್ಪನೇ ಅನ್ನುವ ಹಾಗಾಗಿತ್ತು. ಮತ್ತೊಬ್ಬರ ಸರ್‌ನೇಮ್ ‘ಡಾಕ್ಟರ್’.

“ನಗ್ಬೇಡಿ ಮೇಡಂ, ಕೈಯಲ್ಲೇ ಸರಿ ಮಾಡೋಣ” ಅಂದರು ಮೇಷ್ಟ್ರು. ಇಬ್ಬರೂ ಕೂತು ಒಂದೊಂದನ್ನೇ ಹೇಗೋ ಆ ಚೌಕಟ್ಟಿಗೆ ತುರುಕಿದೆವು. ಗೊಣಗಿಕೊಂಡೇ ಮಾಡಿದೆ, ಆದರೆ ಮಾಡಿದೆ. ಕೊನೆಗೆ ಒಂದೇ ಒಂದು ಪುಸ್ತಕ ಉಳಿಯಿತು. ನನ್ನ ಲೇಖನವೆಲ್ಲ ನಿಂತಿದ್ದೇ ಆ ಪುಸ್ತಕದ ಮೇಲೆ. ನೆಲಮಂಗಲದ ಸುತ್ತಿನ ಹಳ್ಳಿಗಳಲ್ಲಿ ಬೀಸುವ ಪದ ಕೂಡಿಸಿ ಒಬ್ಬ ಹೆಂಗಸು ತಾನೇ ಅಚ್ಚು ಹಾಕಿಸಿದ ಹಳೇ ಪುಸ್ತಕ. ರಕ್ಷಾಪುಟದ ಮೇಲೆ ಆಕೆಯದು ಬರೀ ಹೆಸರು. ಹಿಂದೆ ಮುಂದೆ ಒಂದಕ್ಷರವೂ ಇಲ್ಲ.

ಪತ್ರಿಕೆಯಿಂದ ಮೇಲ್ ಬಂತು. ಈ ಲೇಖಕಿಯ ಸರ್‌ನೇಮ್ ಬಿಟ್ಟುಹೋಗಿದೆ, ತುಂಬಿ ಕಳಿಸಿ, ಸಿಗದಿದ್ದರೆ ಗಂಡನ ಹೆಸರನ್ನೋ ತಂದೆಯ ಹೆಸರನ್ನೋ ಬಳಸಬಹುದು ಅಂತ.

“ಗಂಡನ ಹೆಸರು ಹುಡುಕಿ ಹಾಕ್ಬಿಡಿ ಮೇಡಂ. ಯಾರ್ ನೋಡ್ತಾರೆ?” ಅಂದರು ಮೇಷ್ಟ್ರು.

“ನಾನ್ ನೋಡ್ತೀನಲ್ಲ.”

ಹಾಗಂದರೂ ಒಳಗೆ ಅಷ್ಟು ಗಟ್ಟಿಯೇನೂ ಇರಲಿಲ್ಲ. ಆಕೆ ಇನ್ನೂ ಇದ್ದಾರೆ, ತ್ಯಾಮಗೊಂಡ್ಲು ಹತ್ತಿರ ತೋಟದ ಮನೆಯಲ್ಲಿದ್ದಾರೆ ಅಂತ ಆ ಕಡೆಯ ವಿದ್ಯಾರ್ಥಿನಿಯೊಬ್ಬಳಿಂದ ಗೊತ್ತಾಯಿತು. ಭಾನುವಾರ ಬಸ್ಸು ಹತ್ತಿದೆ. ಅವರೇ ಒಂದು ಹೆಸರು ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತಲ್ಲ ಅನ್ನುವ ಆಸೆ ಇತ್ತು.

ಪುಸ್ತಕದ ಆ ಅಮ್ಮ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ರಿಟೈರಾದ ಪ್ರೈಮರಿ ಶಾಲೆ ಟೀಚರ್. ನಾನು ಯಾರು ಅಂತ ಹೇಳಿದ ಕೂಡಲೇ ಒಂದು ಬೋಗುಣಿ ನನ್ನ ಮುಂದೂ ತಳ್ಳಿದರು. ಇಬ್ಬರೂ ಹಿತುಕುತ್ತಾ ಕೂತೆವು. ಪುಸ್ತಕದ ಮಾತಾಯಿತು, ಈಗ ಆ ಪದ ಹೇಳುವವರು ಯಾರೂ ಇಲ್ಲ ಅನ್ನುವ ಮಾತಾಯಿತು. ಕೊನೆಗೆ ಬಾಯಿಬಿಟ್ಟೆ.

“ನಿಮ್ಮ ಯಜಮಾನರ ಹೆಸರೇನಮ್ಮ?”

“ಯಾತಕ್ಕೆ?”

ಹೇಳಿದೆ. ಅವರ ಕೈ ನಿಂತಿತು.

“ಪುಸ್ತಕ ಅಚ್ಚು ಹಾಕಿಸ್ದಾಗ ಪ್ರೆಸ್ಸಿನೋನೂ ಹಿಂಗೇ ಮಾಡಿದ್ದ ಕಣಮ್ಮ. ನನ್ನ ಹೆಸರಿನ ಮುಂದೆ ‘ಕೋಂ’ ಅಂತ ಹಾಕಿ, ನಮ್ಮ ಮನೆಯೋರ ಹೆಸರಿಗೆ ಅಚ್ಚಿನ ಮೊಳೆ ಜೋಡಿಸಿಬಿಟ್ಟಿದ್ದ. ಪಹಣೀಲಿ ಇಂಥೋರ ಹೆಂಡ್ತಿ ಅಂತ ಬರೀತಾರಲ್ಲ, ಹಂಗೆ. ತೆಗಿ ಅಂದೆ. ‘ತೆಗೆದ್ರೆ ಖಾಲಿ ಕಾಣ್ಸುತ್ತೆ, ಟೀಚರಮ್ಮ’ ಅಂದ. ಖಾಲೀನೇ ಇರ್ಲಿ ಅಂದೆ.”

“ಯಜಮಾನರು ಏನಂದ್ರು?”

“‘ನನ್ನ ಹೆಸರೆಲ್ಲೇ?’ ಅಂದ್ರು. ನೀವ್ಯಾವ ಪದ ಬರ್ಕೊಂಡ್ರಿ ಅಂತ ಕೇಳ್ದೆ. ಒಂದೆರಡು ದಿನ ಮುನಿಸ್ಕೊಂಡಿದ್ರು. ಒಳ್ಳೇ ಮನುಷ್ಯನೇ. ಸೈಕಲ್ ಮೇಲೆ ಕೂರಿಸ್ಕೊಂಡು ಹಳ್ಳಿ ಹಳ್ಳಿಗೂ ಬಿಟ್ಟು ಬರೋರು. ಅದನ್ನ ಮುನ್ನುಡೀಲಿ ಬರ್ದಿದೀನಿ. ಬರೆದೋಳ ಹೆಸರಿನ ಜಾಗದಲ್ಲಿ ಮಾತ್ರ ನಾನೊಬ್ಳೇ.”

ಮತ್ತೆ ಕಾಳಿಗೆ ಕೈ ಹಾಕಿದರು. “ಇಷ್ಟು ವರ್ಷ ಆದ್ಮೇಲೆ ನೀನೂ ಬಂದು ಅದನ್ನೇ ಕೇಳ್ತೀಯಲ್ಲ.”

“ಕೇಳ್ತಿರೋದು ಪತ್ರಿಕೆಯವರು ಅಮ್ಮ, ನಾನಲ್ಲ.”

“ಅವರು ಕೇಳಿದ್ರೆ ನೀನು ಇಲ್ಲ ಅನ್ನು. ಅದಕ್ಕೇನು ಬಸ್ಸಲ್ಲಿ ಬರ್ಬೇಕಿತ್ತಾ?”

ಮಾರನೇ ದಿನ ಮೇಲ್ ಬರೆದೆ. ಈ ಲೇಖಕಿಯ ಹೆಸರು ಪುಸ್ತಕದ ಮೇಲೆ ಹೇಗಿದೆಯೋ ಹಾಗೇ ಇರಬೇಕು, ಅದು ಬಿಟ್ಟುಹೋದದ್ದಲ್ಲ, ಆಕೆ ಬೇಡವೆಂದದ್ದು, ಆಗದಿದ್ದರೆ ಲೇಖನವನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು. ಅವರು ಇನ್ನೊಂದು ದಾರಿ ತೋರಿಸಿದರು. ಸಾಫ್ಟ್‌ವೇರ್ ಜಾಗ ಖಾಲಿ ಬಿಡಲು ಒಪ್ಪುವುದಿಲ್ಲ, ಅದೇ ಹೆಸರನ್ನು ಎರಡು ಸಲ ಹಾಕೋಣ ಅಂತ. ಒಬ್ಬಳೇ ಹೆಂಗಸನ್ನು ಎರಡು ಸಲ ಕರೆಯುವುದು ಯಾವ ಮರ್ಯಾದೆ? ಅದಕ್ಕೂ ಇಲ್ಲ ಅಂದೆ.

ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಕರೆಸಿದರು. “ಏನಮ್ಮಾ, ಒಂದು ಕಾಮಾಗೆ ಇಷ್ಟು ಹಠಾನಾ?”

“ಕಾಮಾ ಹಾಕೋಕೆ ನನ್ನ ಅಭ್ಯಂತರ ಇಲ್ಲ ಸರ್. ಅದರ ಪಕ್ಕ ಯಾರನ್ನ ತಂದು ಕೂರಿಸ್ತಾರೆ ಅನ್ನೋದೇ ನನ್ನ ತಕರಾರು.”

“ಸಂದರ್ಶನ ಹತ್ರ ಬಂತು.”

“ಗೊತ್ತು ಸರ್.”

ಆ ಸಂಚಿಕೆ ನನ್ನ ಲೇಖನವಿಲ್ಲದೆ ಬಂತು. ಬಡ್ತಿ ನನಗಿಂತ ಕಿರಿಯರೊಬ್ಬರಿಗೆ ಹೋಯಿತು. ಅವರಿಗೆ ಹೂಗುಚ್ಛ ಕೊಡುವಾಗ ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಬ್ಯಾಗನ್ನು ಬಾಗಿಲಲ್ಲೇ ಎಸೆದು ಮಲಗಿಬಿಟ್ಟೆ. ನನ್ನ ಗಂಡ ಉಪ್ಪಿಟ್ಟು ಮಾಡಿ ತಂದು, ತಟ್ಟೆ ಕೈಗೆ ಕೊಡುತ್ತಾ, “ಹಾಕಿಬಿಟ್ಟಿದ್ರೆ ಏನಾಗ್ತಿತ್ತು?” ಅಂದರು.

“ಏನೂ ಆಗ್ತಿರ್ಲಿಲ್ಲ. ಅದಕ್ಕೇ ಎಲ್ಲರೂ ಹಾಕೋದು” ಅಂದೆ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು. ಸಿಟ್ಟಿನಲ್ಲೇ ಎಲ್ಲ ತಿಂದೆ.

ಲೇಖನವನ್ನು ಮಾತ್ರ ಬಿಡಲಿಲ್ಲ. ಪುಸ್ತಕದ ರಕ್ಷಾಪುಟದ ಫೋಟೋ ತೆಗೆದು, ಕನ್ನಡದಲ್ಲಿ ಹೆಸರುಗಳು ಹೇಗಿರುತ್ತವೆ ಅಂತ ಎರಡು ಪುಟ ಬರೆದು, ಈ ಸಲ ನೇರವಾಗಿ ಸಂಪಾದಕಿಗೇ ಕಳಿಸಿದೆ. ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ. “ಬಿಡಿ ಮೇಡಂ” ಅನ್ನುತ್ತಿದ್ದ ಅರ್ಥಶಾಸ್ತ್ರದ ಮೇಷ್ಟ್ರೇ ಈಗ, “ಜ್ಞಾಪಿಸಿ ಇನ್ನೊಂದು ಮೇಲ್ ಹಾಕಿ” ಅನ್ನತೊಡಗಿದರು. ಮಾವಿನಕಾಯಿ ಕಾಲಕ್ಕೆ ಸಂಪಾದಕಿಯದು ಒಂದೇ ಸಾಲಿನ ಉತ್ತರ ಬಂತು: ಹೆಸರು ಪುಸ್ತಕದಲ್ಲಿರುವಂತೆಯೇ ಅಚ್ಚಾಗುತ್ತದೆ. ಕ್ಷಮೆಯೂ ಇಲ್ಲ, ಮೆಚ್ಚುಗೆಯೂ ಇಲ್ಲ. ನನಗೂ ಬೇಕಿರಲಿಲ್ಲ.

ಅಚ್ಚಾದ ಮೇಲೆ ಆ ವಿದ್ಯಾರ್ಥಿನಿಯ ಕೈಲಿ ಅಮ್ಮನಿಗೆ ಜೆರಾಕ್ಸ್ ಕಳಿಸಿದೆ. ಕನ್ನಡಕ ಹಾಕಿಕೊಂಡು ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನೋಡಿದರಂತೆ. “ಇಷ್ಟು ಸಣ್ಣಕ್ಷರ ಯಾಕೆ ಅಂತ ನಿಮ್ಮ ಮೇಡಂನ ಕೇಳು” ಅಂದು ಕಳಿಸಿದರು.

ಈಗ ಎರಡನೇ ಲೇಖನ ಕಳಿಸಿದ್ದೇನೆ. ಇದರಲ್ಲಿ ಕನ್ನಡ ಪುಸ್ತಕಗಳ ಹೆಸರೆಲ್ಲ ಕನ್ನಡ ಲಿಪಿಯಲ್ಲೇ ಇವೆ. ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿ ಅಂತ ಪಟ್ಟಿ ವಾಪಸ್ ಬಂದಿತ್ತು. ಒಂದಕ್ಷರವನ್ನೂ ಬದಲಾಯಿಸದೆ ನಿನ್ನೆ ಮತ್ತೆ ಕಳಿಸಿದೆ.