ಹಗೇವಿನ ಮೇಲಿನ ರಸ್ತೆ

ರಸ್ತೆ ಮಾಡುವಾಗ ನಮ್ಮನ್ನು ಯಾರೂ ಕೇಳುವುದಿಲ್ಲ ಎಂದು ರೋಣದಲ್ಲಿ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನು ನಾನೇ. ಈ ಸಲ ಕೇಳಿದರು. ನಮ್ಮ ಓಣಿ ಅಗಲ ಮಾಡುವ ನಕ್ಷೆಯನ್ನು ಪುರಸಭೆಯಲ್ಲಿ ಒಂದು ತಿಂಗಳು ತೂಗುಹಾಕಿ, ತಕರಾರಿದ್ದರೆ ಬರೆದುಕೊಡಿ ಎಂದರು. ನಾನೂ ಹೋಗಿ ನೋಡಿ ಬಂದೆ.

ರೋಲರ್ ಬಂದ ದಿನ ಎದುರುಮನೆಯ ದೊಡ್ಡವ್ವ ಅದರ ಮುಂದೆಯೇ ಕೂತುಬಿಟ್ಟಳು. ಡ್ರೈವರ್ ಹಾರ್ನ್ ಒತ್ತಿದರೂ ಏಳಲಿಲ್ಲ.

"ಕೆಳಗ ಹಗೇವು ಐತಿ, ಯಪ್ಪಾ. ಗಾಡಿ ಸಮೇತ ಒಳಗ ಹೋಗ್ತಿ."

ಹಗೇವು ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ, ಆಳೆತ್ತರದ ನೆಲಗುಂಡಿ. ಎಂಜಿನಿಯರ್ ನಕ್ಷೆ ಬಿಡಿಸಿದರು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಅವರು ನನ್ನ ಕಡೆ ತಿರುಗಿದರು.

"ಖರೇ ಏನ್ರಿ?"

ಸಣ್ಣವನಿದ್ದಾಗ ಹಗ್ಗ ಹಿಡಿದು ಅದರೊಳಗೆ ಇಳಿದವನು ನಾನು. "ಹೌದ್ರಿ," ಎಂದೆ. ಹಾರೆಯಿಂದ ಕುಟ್ಟಿದರೆ ನೆಲ ಟೊಳ್ಳು ಸದ್ದು ಮಾಡಿತು. ರೋಲರಿನ ಗಾಲಿ ಅಲ್ಲಿಂದ ಎರಡೇ ಮಾರು ದೂರವಿತ್ತು. ಡ್ರೈವರ್ ಕೆಳಗಿಳಿದು ನೆಲ ನೋಡುತ್ತ ನಿಂತ.

"ನಕ್ಷಾ ನೋಡಾಕ ನೀವೂ ಬಂದಿದ್ರಲ್ರಿ. ಮತ್ತ ಯಾಕ ಹೇಳಲಿಲ್ರಿ?" ಎಂಜಿನಿಯರ್ ಕೇಳಿದರು.

ನಕ್ಷೆಯಲ್ಲಿ ನಮ್ಮ ಮನೆಯ ಕಟ್ಟೆ ಉಳಿದಿತ್ತು. ಅಷ್ಟು ನೋಡಿಕೊಂಡು ಮನೆಗೆ ಬಂದಿದ್ದೆ.