ಬೀಗರು ಜೊತೆಯಾಗಿ ಹತ್ತಿದ ರೈಲು

ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರಿಗಿದ್ದ ತಲೆನೋವು ಒಂದೇ, ಮನೆ ಎಲ್ಲಿ ಮಾಡುವುದು ಅಂತ. ನಾನು ಮಾಗಡಿಯ ಶಾಲೆಯಲ್ಲಿ ಟೀಚರ್, ನಮ್ಮವರಿಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ನನ್ನ ತವರು ಕುದೂರು, ಅವರ ಊರು ಚನ್ನಪಟ್ಟಣದ ಹತ್ತಿರದ ಹೊಂಗನೂರು. ಕೊನೆಗೆ ರಾಮನಗರದಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರ, ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಅವರ ಕಂಪನಿ ಬಸ್ಸು ಸರ್ಕಲ್ಲಿಗೇ ಬರುತ್ತಿತ್ತು. ನನಗೆ ಮಾಗಡಿ ಬಸ್ಸಿನಲ್ಲಿ ಸಾಮಾನ್ಯವಾಗಿ ಕಿಟಕಿ ಪಕ್ಕದ ಸೀಟೇ ಸಿಗುತ್ತಿತ್ತು.

ಮಾವನಿಗೆ ಮಾತ್ರ ಇದು ಹಿಡಿಸಲಿಲ್ಲ. ಸ್ವಂತ ಮನೆ ಬಿಟ್ಟು, ನಮ್ಮವರು ಅನ್ನುವವರು ಒಬ್ಬರೂ ಇಲ್ಲದ ಕಡೆ ಎಂಥ ಸಂಸಾರ ಎಂದು ಮಗನ ಹತ್ತಿರ ಗೊಣಗಿದ್ದರಂತೆ. ನನ್ನೆದುರು ಏನೂ ಅನ್ನಲಿಲ್ಲ, ಆದರೆ ನಾಲ್ಕು ತಿಂಗಳಾದರೂ ಮನೆಗೆ ಕಾಲಿಡಲಿಲ್ಲ. ರೇಷ್ಮೆಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಬಂದವರು ಹಾಗೇ ಬಸ್ಸು ಹತ್ತಿ ವಾಪಸ್ಸು ಹೋಗಿಬಿಡುತ್ತಿದ್ದರು. ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ದಸರಾ ರಜೆಯಲ್ಲಿ ಒಂದು ದಿನ, ನಮ್ಮವರು ಕೆಲಸಕ್ಕೆ ಹೋಗಿದ್ದಾಗ, ನನ್ನ ಅಪ್ಪ ಕುದೂರಿನಿಂದ ಬಂದರು. ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಗೆ ಹೊರಟಿದ್ದರು. ರೈಲಿಗೆ ಇನ್ನೂ ಹೊತ್ತಿತ್ತು. ಅವರಿಗೆ ಕಾಫಿ ಕೊಡುವಷ್ಟರಲ್ಲಿ ನೋಡಿದರೆ ಬಾಗಿಲಲ್ಲಿ ಮಾವ. ಗೂಡು ಬೇಗ ಹರಾಜಾಯಿತು, ಒಂದು ಲೋಟ ನೀರು ಕುಡಿದು ಹೋಗೋಣ ಅಂತ ಬಂದೆ ಎಂದರು. ಒಳಗೆ ಬೀಗರನ್ನು ಕಂಡು ಒಂದು ಗಳಿಗೆ ಹೊಸ್ತಿಲಲ್ಲೇ ನಿಂತರು. ಅಪ್ಪನೇ ಎದ್ದುಹೋಗಿ ಕೈಹಿಡಿದು ಕರೆತಂದರು.

ನಾನು ಮುದ್ದೆಗೆ ಎಸರಿಟ್ಟೆ. ಹೊರಗೆ ಮಾತು ಹಿಪ್ಪುನೇರಳೆ ತೋಟದಿಂದ ಶುರುವಾಗಿ, ಮಳೆಗೆ ಬಂದು, ಇಬ್ಬರ ಮಂಡಿನೋವಿಗೆ ತಲುಪಿತು. ಮದುವೆಯ ದಿನ ಇಬ್ಬರಿಗೂ ಹೀಗೆ ಕೂತು ಮಾತಾಡಲು ಪುರಸೊತ್ತೇ ಸಿಕ್ಕಿರಲಿಲ್ಲ. ಮಾವ ಎರಡನೇ ಮುದ್ದೆ ಹಾಕಿಸಿಕೊಂಡಾಗ ನನ್ನ ಎದೆಯ ಭಾರ ಅರ್ಧ ಇಳಿಯಿತು.

ಊಟ ಮುಗಿಯುವ ಹೊತ್ತಿಗೆ ರೈಲಿನ ಸಮಯವಾಗಿತ್ತು. ಹೊರಡಬೇಕಲ್ಲವಾ ಎಂದು ಅಪ್ಪನಿಗೆ ನೆನಪಿಸಿದೆ. ಉತ್ತರ ಕೊಟ್ಟದ್ದು ಮಾವ.

"ಅದು ಹೋದ್ರೆ ಇನ್ನೊಂದ್ ಗಾಡಿ ಐತೆ ಕಣವ್ವ. ಬೀಗ್ರು ಒಸಿ ಕೂತ್ಕಳ್ಲಿ."

ಅಪ್ಪ ಕೂತರು. ಎಲೆಅಡಿಕೆ ಆಯಿತು, ಇನ್ನೊಂದು ಸಲ ಕಾಫಿಯೂ ಆಯಿತು. ಮುಂದಿನ ರೈಲಿಗೆ ಹೊರಟಾಗ ಮಾವನೂ ಚಪ್ಪಲಿ ಮೆಟ್ಟಿದರು. ಕಳಿಸಿಕೊಡಲು ನಾನೂ ಸ್ಟೇಷನ್ನಿಗೆ ಹೋದೆ. ಯಾವಾಗಲೂ ಬಸ್ಸಿನಲ್ಲೇ ಹೋಗುವವರು, ಅವತ್ತು ಚನ್ನಪಟ್ಟಣದವರೆಗೂ ಜೊತೆಗೆ ಬರುತ್ತೇನೆ ಎಂದು ತಮಗೂ ಒಂದು ಟಿಕೆಟ್ ತೆಗೆದುಕೊಂಡರು. ರೈಲು ಬಂದಾಗ ನನ್ನ ಕಡೆ ತಿರುಗಿ, ಮುಂದಿನ ಸಲ ಗೂಡು ತಂದಾಗಲೂ ಇಲ್ಲೇ ಉಣ್ಣುತ್ತೇನೆ, ಬಸ್ಸಾರು ಮಾಡಿರು ಎಂದರು. ನನಗೆ ಅಷ್ಟು ಸಾಕಾಗಿತ್ತು.

ಸಂಜೆ ಮಾವನೇ ಫೋನ್ ಮಾಡಿದರು. ಊರು ಸೇರಿದ್ದನ್ನು ಹೇಳಿ, ಸ್ವಲ್ಪ ಬೇಸರದಲ್ಲೇ ಅಂದರು:

"ನಿಮ್ಮಪ್ಪಾರು ಒಳ್ಳೆ ಮಾತುಗಾರ್ರು ಕಣವ್ವ. ನಾನ್ ಬಾಯ್ ಬುಡೋ ಒಳ್ಗೇ ಚನ್ನಪಟ್ಣ ಬಂದ್ಬುಡ್ತು."