ಕಡ್ಡಿ ಗೀರಲು ಎರಡು ಕೈ

ಬೀದಿಯವರೆಲ್ಲ ಅವನನ್ನು ಕರೆಂಟಣ್ಣ ಅಂತಲೇ ಕರೆಯುವುದು. ಯಾರ ಮನೆಯ ಫ್ಯೂಸ್ ಹೋಗಲಿ, ಫ್ಯಾನು ಗೊರಗೊರ ಅನ್ನಲಿ, ಅವನೇ ಬರಬೇಕು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ದೇವರ ಮಾತು ಬಂದರೆ ಮಾತ್ರ "ಆ ಡಿಪಾರ್ಟ್‌ಮೆಂಟು ನಮ್ಮ ಮನೆಯವಳದ್ದು" ಅಂತ ಜಾರಿಕೊಳ್ಳುತ್ತಿದ್ದ. ಅದೂ ನಿಜವೇ. ಇಪ್ಪತ್ತೆಂಟು ವರ್ಷದಿಂದ ಅವಳು ದಿನಾ ಬೆಳಿಗ್ಗೆ ಕಿಟಕಿ ಪಕ್ಕದ ಗೂಡಿನಲ್ಲಿ ಒಂದು ದೀಪ ಹಚ್ಚಿ, ಐದು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಇವನು ಆ ಹೊತ್ತಿಗೆ ಬಚ್ಚಲಲ್ಲಿ ಗಂಟಲು ಹರಿಯುವಂತೆ ಹಾಡುತ್ತಿದ್ದ.

ಆಮೇಲೆ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಮಾತೂ ಉಳಿಯಿತು, ಬಲಗೈ ಮಾತ್ರ ಏಳಲಿಲ್ಲ. ಆಸ್ಪತ್ರೆಯಿಂದ ಬಂದವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಊಟ ಬೇಕಾ ಅಂದರೆ "ಹೂಂ", ಬೇಡವಾ ಅಂದರೂ "ಹೂಂ". ಕೈಗೆ ವ್ಯಾಯಾಮ ಮಾಡು ಅಂದರೆ "ಮಾಡಿ ಏನಾಗ್ಬೇಕಿದೆ ಬಿಡಿ" ಅನ್ನುವಳು. ಕರೆಂಟಣ್ಣನಿಗೆ ಒಂದೇ ದಿಗಿಲು. ಇವಳು ಬದುಕುವ ಆಸೆಯನ್ನೇ ಬಿಟ್ಟುಬಿಟ್ಟರೆ?

ಹದಿನೈದು ದಿನ ಕಳೆದ ಮೇಲೆ ಅವಳಾಗಿಯೇ ಬಾಯಿ ಬಿಟ್ಟಳು.

"ರೀ, ಬೆಳಿಗ್ಗೆ ಆ ದೀಪ ಒಂದು ಹಚ್ತೀರಾ?"

"ಅಯ್ಯೋ, ಅದೇನು ಮಹಾ! ನಾಳೆಯಿಂದಲೇ."

ಎರಡು ದಿನ ಹಚ್ಚಿದ. ಮೂರನೇ ದಿನ ದೊಡ್ಡ ಕಟ್ಟಡವೊಂದರ ವೈರಿಂಗ್ ಕೆಲಸ ಸಿಕ್ಕಿತು, ಆರೂವರೆಗೇ ಮನೆ ಬಿಡಬೇಕು. ಅವಳನ್ನು ನೋಡಿಕೊಳ್ಳಲು ಅವಳ ತಂಗಿ ಬರುವುದು ಏಳೂವರೆಗೆ. ನಮ್ಮ ಕರೆಂಟಣ್ಣ ಸುಮ್ಮನಿರುವ ಆಸಾಮಿಯೇ? ಜ್ವಾಲೆಯ ಆಕಾರದ ಹಳದಿ ಬಲ್ಬೊಂದನ್ನು ತಂದು, ಟೈಮರ್ ಜೋಡಿಸಿ, ಗೂಡಿನಲ್ಲಿ ಹಳೆ ದೀಪದ ಪಕ್ಕದಲ್ಲೇ ಕೂರಿಸಿದ.

"ಏಳಕ್ಕೆ ಸರಿಯಾಗಿ ತಾನಾಗೇ ಹತ್ತುತ್ತೆ ನೋಡು. ಎಣ್ಣೆ ಇಲ್ಲ, ಬತ್ತಿ ಇಲ್ಲ, ಮಸಿ ಇಲ್ಲ. ನಾನು ಇದ್ರೂ ಇಲ್ದಿದ್ರೂ ನಿನ್ನ ದೇವರಿಗೆ ಒಂದು ದಿನಾನೂ ತಪ್ಪಲ್ಲ!"

"ಹೂಂ," ಅಂದಳು.

ಪಾಪ, ಅವನ ಬುದ್ಧಿಗೆ ಅದು ಶಭಾಷ್ ಅಂದ ಹಾಗೆ ಕೇಳಿಸಿತು.

ಒಂದು ವಾರ ಕಳೆದಿರಬೇಕು. ದಾರಿಯಲ್ಲಿ ಜೇಬು ತಡವಿದರೆ ಟೆಸ್ಟರ್ ಇಲ್ಲ. ಬೈದುಕೊಳ್ಳುತ್ತ ಮನೆಗೆ ವಾಪಸು ಬಂದ. ಬಾಗಿಲು ತೆಗೆದವನು ಅಲ್ಲೇ ನಿಂತ. ಮಂಚದ ಮೇಲೆ ಹೆಂಡತಿ ಇಲ್ಲ. ಗೋಡೆ ಹಿಡಿದುಕೊಂಡೇ ಹೋಗಿ ಗೂಡಿನ ಮುಂದೆ ಕುರ್ಚಿಯಲ್ಲಿ ಕೂತಿದ್ದಾಳೆ. ಬೆಂಕಿಪೊಟ್ಟಣವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಗೀರುತ್ತಿದ್ದಾಳೆ. ಪೊಟ್ಟಣ ಜಾರುತ್ತದೆ, ಕಡ್ಡಿ ಮುರಿಯುತ್ತದೆ. ನೆಲದ ತುಂಬ ಮುರಿದ ಕಡ್ಡಿಗಳು. ಎದುರಿಗೇ ಅವನ ಹಳದಿ ಬಲ್ಬು ಆರಾಮಾಗಿ ಉರಿಯುತ್ತಿತ್ತು.

"ಲೇ, ಬಿದ್ದುಗಿದ್ದು ಹೋದ್ರೆ ಏನು ಗತಿ? ಲೈಟ್ ಹಾಕಿಕೊಟ್ಟಿದೀನಲ್ಲ!"

"ನಿಮ್ಮ ಲೈಟಿಗಿಷ್ಟು ಬೆಂಕಿ ಹಾಕ!" ಅಂದಳು ಅವಳು. ಕಣ್ಣಲ್ಲಿ ನೀರು. "ತಾನಾಗೇ ಹತ್ತೋದಾದ್ರೆ ನಾನ್ಯಾಕ್ರೀ ಬೇಕು ಈ ಮನೇಲಿ?"

ಕರೆಂಟಣ್ಣನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಸುಳ್ಳು ಯಾಕೆ ಹೇಳಲಿ, ಸಂತೋಷವೂ ಆಯಿತು. ಎಷ್ಟು ದಿನವಾಗಿತ್ತು ಇವಳು ಬೈದು! ಪ್ಲಗ್ ಕಿತ್ತು ಬಲ್ಬನ್ನು ಮೂಲೆಗೆಸೆದ. ಅವಳ ಪಕ್ಕ ನೆಲದ ಮೇಲೆ ಕೂತು ಬೆಂಕಿಪೊಟ್ಟಣವನ್ನು ಎತ್ತಿ ಹಿಡಿದ. ಅವಳು ಗೀರಿದಳು. ಮೂರನೆಯ ಕಡ್ಡಿ ಹೊತ್ತಿಕೊಂಡಿತು.

ದೀಪ ಹಚ್ಚಿದ ಮೇಲೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿದಳು, ಇವನೂ ಮುಚ್ಚಿದ. ಮೊದಲು ಟೆಸ್ಟರ್ ನೆನಪಾಯಿತು, ಆಮೇಲೆ ಕಟ್ಟಡದ ಮೇಸ್ತ್ರಿಯ ಸಿಡುಕು ಮುಖ. ಕೊನೆಗೆ ಪಕ್ಕದಲ್ಲಿ ಅವಳ ಉಸಿರು ಕೇಳಿಸಿತು. ಅದನ್ನೇ ಕೇಳಿಸಿಕೊಂಡು ಕೂತ.

ಮೇಸ್ತ್ರಿ ಕೂಗಾಡಿದ. ಕೂಗಾಡಲಿ ಬಿಡಿ. ಅವತ್ತಿನಿಂದ ಬೆಳಿಗ್ಗೆ ಆರಕ್ಕೆ ಇವನು ಪೊಟ್ಟಣ ಹಿಡಿಯುವುದು, ಅವಳು ಗೀರುವುದು, ಇಬ್ಬರೂ ಐದು ನಿಮಿಷ ಕೂರುವುದು. ವ್ಯಾಯಾಮವನ್ನೂ ಅವಳು ಯಾರೂ ಹೇಳದೆಯೇ ಶುರು ಮಾಡಿದಳು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಅವನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವಳು ಪೊಟ್ಟಣವನ್ನು ಬಲಗೈ ಬೆರಳುಗಳಲ್ಲೇ ಹಿಡಿದಿದ್ದಳು. ಬೆರಳು ನಡುಗುತ್ತಿದ್ದವು, ಬಿಡಲಿಲ್ಲ. ಎಡಗೈಯಲ್ಲಿ ಗೀರಿದಳು. ಕಡ್ಡಿ ಭಗ್ಗೆಂದಿತು. ಕರೆಂಟಣ್ಣನಿಗೆ ಕುಣಿಯುವಷ್ಟು ಖುಷಿ. ಆದರೂ ಚಾಚಿದ ಕೈ ಹಾಗೇ ನಿಂತಿತು. ಇನ್ನು ಇಲ್ಲಿ ತನಗೇನು ಕೆಲಸ?

ಅವಳು ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ ಒದರಿ ಆರಿಸಿದಳು. ಪೊಟ್ಟಣವನ್ನು ಅವನ ಕಡೆ ಚಾಚಿದಳು.

"ಹಿಡ್ಕೊಳ್ರೀ. ಕೈ ಬಂತು ಅಂತ ತೋರಿಸ್ದೆ ಅಷ್ಟೆ. ಒಬ್ಬಳೇ ಹಚ್ಚೋಕೆ ನಾನೇನು ನಿಮ್ಮ ಟೈಮರ್ರಾ?"

ಅವನು ಹಿಡಿದುಕೊಂಡ. ಅವಳು ಗೀರಿದಳು.